ಅದು ಕಣ್ತಪ್ಪೇ?

ಸಂಘದ ಪತ್ರಿಕೆಗೆ ಈ ಸಲ ಬೇಸ್‌ಬಾಲ್ ಬಗ್ಗೆ ಬರೆಯುತ್ತೇನೆ ಎಂದಾಗ ಧಾರವಾಡದ ಗೆಳೆಯನೊಬ್ಬ ನಕ್ಕುಬಿಟ್ಟ. 'ಏನಪಾ, ನಮಗೂ ಆ ಆಟಕ್ಕೂ ಏನ್ ಸಂಬಂಧ? ಕ್ರಿಕೆಟ್ ಬಗ್ಗೆ ಬರಿ, ಓದ್ತಾರ' ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆ ಆಟವನ್ನು ನಾನು ಮೈದಾನದಲ್ಲಿ ನೋಡಿದವನಲ್ಲ. ಕಥೆ, ಕವನ ಬರೆಯುವ ಶಕ್ತಿಯೂ ನನಗಿಲ್ಲ. ಕಾಮರ್ಸ್ ವಿದ್ಯಾರ್ಥಿ. ಲೆಕ್ಕ ನೋಡುವುದು ಮಾತ್ರ ಸ್ವಲ್ಪ ಗೊತ್ತು. ಇದು ಒಂದು ಲೆಕ್ಕದ ವಿಷಯ ಎಂದೇ ತಿಳಿದು ಓದಿ.

2024ರ ಮೇ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ದಾಖಲೆ ಪುಸ್ತಕವನ್ನು ತಿದ್ದಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಅಲ್ಲಿಯವರೆಗೆ ಮೊದಲನೆಯವರಾಗಿದ್ದ ಟೈ ಕಾಬ್ ಕೆಳಗಿಳಿದರು, ಜಾಶ್ ಗಿಬ್ಸನ್ ಮೇಲೇರಿದರು. ಅವರ ಸರಾಸರಿ .372. ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 372 ಸಲ ಚೆಂಡನ್ನು ಸರಿಯಾಗಿ ಹೊಡೆದು ಓಡಿದ ಲೆಕ್ಕ. ಸಂತೋಷದ ಸುದ್ದಿಯೇ ಹೌದು. ಆದರೆ ಗಿಬ್ಸನ್ ತೀರಿಕೊಂಡು ಆಗಲೇ 77 ವರ್ಷ. 1947ರ ಜನವರಿಯಲ್ಲಿ ಹೋದರು, ವಯಸ್ಸು ಬರೇ 35. ಅವರ ಗೋರಿಯ ಮೇಲೆ ಬಹಳ ವರ್ಷ ಹೆಸರಿನ ಒಂದು ಕಲ್ಲೂ ಇರಲಿಲ್ಲ. ಅವರು ಹೋದ ಮೂರೇ ತಿಂಗಳಿಗೆ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಅಂಗಿ ತೊಟ್ಟು ಮೇಜರ್ ಲೀಗ್ ಮೈದಾನಕ್ಕೆ ಇಳಿದರು. 1884ರಲ್ಲಿ ಟೊಲೀಡೊ ತಂಡಕ್ಕೆ ಆಡಿದ ಮೋಸಸ್ ಫ್ಲೀಟ್‌ವುಡ್ ವಾಕರ್ ಅವರ ನಂತರ ಅಲ್ಲಿ ಕರಿಯ ಆಟಗಾರನ ಕಾಲು ಬಿದ್ದದ್ದು ಅದೇ ಮೊದಲು. ನಡುವೆ ಅರುವತ್ತಕ್ಕೂ ಹೆಚ್ಚು ವರ್ಷ. ಆ ವರ್ಷಗಳಲ್ಲಿ ಅವರು ತಮ್ಮವೇ ಬೇರೆ ಲೀಗುಗಳನ್ನು ಕಟ್ಟಿಕೊಂಡು ಆಡಿದರು. 1920ರಲ್ಲಿ ರೂಬ್ ಫಾಸ್ಟರ್ ಕ್ಯಾನ್ಸಸ್ ಸಿಟಿಯಲ್ಲಿ ಸಭೆ ಸೇರಿಸಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪಿಸಿದರು. ಆ ಹೆಸರು ಅಂದಿನದು, ಇಂದು ನಮ್ಮ ಬಾಯಲ್ಲಿ ಸಲ್ಲದು. ಚರಿತ್ರೆಯ ಹೆಸರೆಂದು ಹಾಗೇ ಬರೆದಿದ್ದೇನೆ.

2020ರ ಡಿಸೆಂಬರಿನಲ್ಲಿ ಈ ಲೀಗುಗಳಿಗೆ 'ಮೇಜರ್' ಎಂಬ ಸ್ಥಾನ ಕೊಡುವಾಗ ಸಂಸ್ಥೆ ಹೇಳಿದ್ದೇನೆಂದರೆ, ಬಹುಕಾಲದ ಒಂದು ಕಣ್ತಪ್ಪನ್ನು ಸರಿಪಡಿಸುತ್ತಿದ್ದೇವೆ ಎಂಬ ಅರ್ಥದ ಮಾತು. ನನ್ನ ತಕರಾರು ಇರುವುದು ಈ ಒಂದು ಪದದ ಬಗ್ಗೆ.

ನಮಗೆ ಪಾಠದಲ್ಲಿ ಹೇಳಿಕೊಡುತ್ತಾರೆ: ಬರೆಯಬೇಕಾದ ಜಮಾ ಮರೆತುಹೋದರೆ ಅದು ತಪ್ಪು, ಬೇಕೆಂದೇ ಬರೆಯದೆ ಬಿಟ್ಟರೆ ಅದು ಮೋಸ. ಎರಡಕ್ಕೂ ತಿದ್ದುಪಡಿ ನಮೂದು ಒಂದೇ ತರಹ ಕಾಣಬಹುದು. ಆದರೆ ಅದರ ಕೆಳಗೆ ಕಾರಣ ಬರೆಯಬೇಕಲ್ಲ, ಅಲ್ಲಿ ಏನು ಬರೆಯುತ್ತೀರಿ? ಕರಿಯರನ್ನು ಸೇರಿಸಬಾರದು ಎಂದು ಆ ಸಂಸ್ಥೆಯ ನಿಯಮ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ ಅನ್ನುತ್ತಾರೆ. ಇರಲಿಲ್ಲ, ಒಪ್ಪಿದೆ. ದೊಡ್ಡ ಮನುಷ್ಯರ ನಡುವಿನ ಮಾತು ಅದು. ವೋಚರ್ ಇಲ್ಲದ ವ್ಯವಹಾರ. ವೋಚರ್ ಇಲ್ಲ ಅಂದ ಮಾತ್ರಕ್ಕೆ ವ್ಯವಹಾರ ನಡೆದೇ ಇಲ್ಲ ಎಂದು ಯಾವ ಆಡಿಟರ್ ಒಪ್ಪುತ್ತಾನೆ? 1920ರಿಂದ 1944ರಲ್ಲಿ ಸಾಯುವವರೆಗೆ ಕಮಿಷನರ್ ಆಗಿದ್ದವರು ಕೆನೆಸಾ ಮೌಂಟನ್ ಲ್ಯಾಂಡಿಸ್. ಅವರ ಕಾಲದಲ್ಲಿ ಒಬ್ಬನೇ ಒಬ್ಬ ಕರಿಯ ಆಟಗಾರ ಒಳಗೆ ಬರಲಿಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಫಲಕದ ಮೇಲೆ ಅವರದೇ ಹೆಸರು. 1949ರಲ್ಲಿ ರಾಬಿನ್ಸನ್ ಗೆದ್ದದ್ದೂ ಆ ಫಲಕವನ್ನೇ. ಹೆಸರು ತೆಗೆದದ್ದು 2020ರಲ್ಲಿ. ಕಣ್ಣು ಇಷ್ಟು ವರ್ಷ ತಪ್ಪುತ್ತದೆಯೆ?

ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆ ಆಟದ ಕೀರ್ತಿಮಂದಿರವಿದೆ, ಹಾಲ್ ಆಫ್ ಫೇಮ್. ಅಲ್ಲಿ ಹೆಸರು ಕೆತ್ತಿಸಿಕೊಳ್ಳಲು ಮೇಜರ್ ಲೀಗಿನಲ್ಲಿ ಹತ್ತು ಸೀಸನ್ ಆಡಿರಬೇಕು ಎಂದು ನಿಯಮ. ಎಲ್ಲರಿಗೂ ಒಂದೇ ನಿಯಮ, ಅಲ್ಲವೆ? ಸ್ಯಾಚೆಲ್ ಪೇಜ್ ಎಂಬ ಮಹಾನ್ ಎಸೆತಗಾರರಿಗೆ ಮೇಜರ್ ಲೀಗಿನ ಬಾಗಿಲು ತೆರೆದದ್ದು 1948ರಲ್ಲಿ, ಅವರಿಗೆ 42 ತುಂಬಿದ ಮೇಲೆ. ಅವರು ಹತ್ತು ಸೀಸನ್ ಎಲ್ಲಿಂದ ತರಬೇಕು? ಬಾಗಿಲಿಗೆ ಬೀಗ ಹಾಕಿದವನೇ ಒಳಗಿದ್ದವರಿಗೆ ಮಾತ್ರ ಊಟ ಎಂದ ಹಾಗಾಯಿತು.

ನಿಯಮದ ಈ ಚಮತ್ಕಾರ ನನಗೂ ಸ್ವಲ್ಪ ಗೊತ್ತು. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಒಮ್ಮೆ ಒಂದು ಬಹುಮಾನದ ಅರ್ಜಿ ತುಂಬಲು ಹೋದೆ. ಶಾಲೆಯ ಇಂಗ್ಲಿಷ್ ಚರ್ಚಾಸ್ಪರ್ಧೆಗಳ ಪ್ರಮಾಣಪತ್ರ ಲಗತ್ತಿಸಬೇಕು ಅಂತಿತ್ತು. ನಮ್ಮ ಶಾಲೆಯಲ್ಲಿ ಅಂಥ ಸ್ಪರ್ಧೆ ನಡೆದರೆ ತಾನೆ? ಗುಮಾಸ್ತರು 'ರೂಲ್ ಎಲ್ಲರಿಗೂ ಒಂದೇ' ಎಂದರು. ಇರಲಿ. ಗಿಬ್ಸನ್, ಪೇಜ್ ಅವರ ಪಕ್ಕದಲ್ಲಿ ಇದನ್ನು ಇಡಲು ನಾಚಿಕೆಯಾಗುತ್ತದೆ.

1966ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಹೆಸರಾಂತ ಬಿಳಿಯ ಆಟಗಾರ, ತನ್ನನ್ನೇ ಮಂದಿರಕ್ಕೆ ಸೇರಿಸುವ ಸಮಾರಂಭದ ಭಾಷಣದಲ್ಲಿ ಪೇಜ್, ಗಿಬ್ಸನ್ ಇಬ್ಬರ ಹೆಸರು ಎತ್ತಿ, ಅವರೂ ಇಲ್ಲಿರಬೇಕು ಅಂದರು. ಆ ಮನುಷ್ಯನಿಗೆ ನನ್ನ ನಮಸ್ಕಾರ. ಐದು ವರ್ಷದ ನಂತರ, 1971ರಲ್ಲಿ, ಪೇಜ್ ಆಯ್ಕೆಯಾದರು. ಆದರೆ ಮೊದಲು ಹೇಳಿದ್ದು ಏನು ಗೊತ್ತೇ? ಅವರಿಗೆ ಬೇರೆಯೇ ಒಂದು ವಿಭಾಗ ಎಂದು! ಮಂದಿರದ ಒಳಗೂ ಬೇರೆ ಪಂಕ್ತಿ. ಜನ ಗಲಾಟೆ ಮಾಡಿದ ಮೇಲೆ ಅದನ್ನು ಕೈಬಿಟ್ಟು ಎಲ್ಲರ ಜೊತೆಗೇ ಇಟ್ಟರು. ಗಿಬ್ಸನ್ ಅವರ ಸರದಿ ಮರುವರ್ಷ ಬಂತು.

ನನ್ನನ್ನು ಹೆಚ್ಚು ಕಾಡಿದ್ದು ಬಕ್ ಓನೀಲ್ ಅವರ ಕಥೆ. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡಿದವರು, ಅದರ ಮ್ಯಾನೇಜರ್ ಆದವರು. 1962ರಲ್ಲಿ ಶಿಕಾಗೊ ಕಬ್ಸ್ ತಂಡ ಅವರನ್ನು ಕೋಚ್ ಮಾಡಿತು; ಮೇಜರ್ ಲೀಗಿನಲ್ಲಿ ಕರಿಯರೊಬ್ಬರು ಕೋಚ್ ಆದದ್ದು ಅದೇ ಮೊದಲು. ಮುಂದೆ ಕ್ಯಾನ್ಸಸ್ ಸಿಟಿಯಲ್ಲಿ ಆ ಹಳೆಯ ಲೀಗುಗಳ ವಸ್ತುಸಂಗ್ರಹಾಲಯಕ್ಕಾಗಿ ಊರೂರು ತಿರುಗಿದರು, ಮರೆತುಹೋದ ಗೆಳೆಯರ ಕಥೆ ಹೇಳುತ್ತ. 2006ರಲ್ಲಿ ವಿಶೇಷ ಸಮಿತಿಯೊಂದು ಕುಳಿತು ಕರಿಯರ ಬೇಸ್‌ಬಾಲಿನ 17 ಜನರನ್ನು ಒಮ್ಮೆಗೇ ಮಂದಿರಕ್ಕೆ ಆರಿಸಿತು. ಹದಿನೇಳೂ ಮಂದಿ ಆಗಲೇ ತೀರಿಹೋದವರು. ಓನೀಲ್ ಬದುಕಿದ್ದರು, 94 ವರ್ಷ. ಅವರನ್ನು ಆರಿಸಲಿಲ್ಲ.

ಆದರೆ ಸತ್ತವರ ಪರವಾಗಿ ಸಮಾರಂಭದಲ್ಲಿ ಮಾತಾಡಲು ಯಾರಾದರೂ ಬೇಕಲ್ಲ. ಓನೀಲ್‌ರನ್ನೇ ಕರೆದರು. ಅವರು ಹೋದರು! ನಾನಾಗಿದ್ದರೆ ಹೋಗುತ್ತಿರಲಿಲ್ಲ ಎಂದು ಮೊದಲು ಅನ್ನಿಸಿತು. ಅವರು ಹೋಗಿ, ನಗುನಗುತ್ತ ಮಾತಾಡಿ, ಜನರೆಲ್ಲ ಕೈಹಿಡಿದು ಹಾಡುವಂತೆ ಮಾಡಿ ಬಂದರು. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. 2022ರಲ್ಲಿ ಅವರ ಹೆಸರನ್ನೂ ಕೆತ್ತಿದರು. ಹದಿನಾರು ವರ್ಷದಲ್ಲಿ ಅವರ ಆಟದಲ್ಲಿ ಒಂದು ರನ್ನೂ ಹೆಚ್ಚಾಗಿರಲಿಲ್ಲ.

ಡಿಕ್ ಅಲೆನ್ ಅವರದೂ ಹೀಗೇ. ಮೇಜರ್ ಲೀಗಿನ ಬಾಗಿಲು ಕರಿಯರಿಗೆ ತೆರೆದ ಮೇಲೆ ಆಡಿದವರು ಇವರು. 1972ರ ಶ್ರೇಷ್ಠ ಆಟಗಾರ. ಫಿಲಡೆಲ್ಫಿಯಾದ ಪ್ರೇಕ್ಷಕರು ವಸ್ತುಗಳನ್ನು ಎಸೆಯುತ್ತಿದ್ದುದರಿಂದ ಫೀಲ್ಡಿಂಗ್ ಮಾಡುವಾಗಲೂ ಹೆಲ್ಮೆಟ್ ಹಾಕಿ ನಿಲ್ಲಬೇಕಾಗಿತ್ತು. 2014ರಲ್ಲಿ ಒಂದು ಮತ ಕಡಿಮೆಯಾಯಿತು. ಮುಂದಿನ ಸಭೆ 2020ರ ಡಿಸೆಂಬರಿನಲ್ಲಿ ನಡೆಯಬೇಕಿತ್ತು, ಕೋವಿಡ್ ಎಂದು ಮುಂದೆ ಹಾಕಿದರು. ಆ ತಿಂಗಳು 7ಕ್ಕೆ ಅಲೆನ್ ಹೋಗಿಬಿಟ್ಟರು. 2021ರಲ್ಲಿ ಮತ್ತೆ ಒಂದೇ ಮತ ಕಡಿಮೆ. ಕೊನೆಗೆ ಆರಿಸಿದ್ದು 2024ರಲ್ಲಿ.

ಹಳೆಯ ದಾಖಲೆ ಕೆಡುತ್ತದೆ ಎಂದು ಕೊರಗುವವರೂ ಇದ್ದಾರೆ. ಆ ಲೀಗುಗಳ ಸೀಸನ್ ಚಿಕ್ಕದು, ಅರುವತ್ತು ಎಪ್ಪತ್ತು ಪಂದ್ಯ ಅಷ್ಟೆ, ಲೆಕ್ಕವೂ ಪೂರ್ತಿ ಸಿಗುವುದಿಲ್ಲ ಅನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ 2020ರಲ್ಲಿ ಕೋವಿಡ್ ಕಾರಣ ಮೇಜರ್ ಲೀಗಿನ ಪ್ರತಿ ತಂಡಕ್ಕೂ 60 ಪಂದ್ಯವನ್ನಷ್ಟೇ ಇಟ್ಟಿದ್ದರು. ಆ ವರ್ಷವನ್ನು ಪುಸ್ತಕದಿಂದ ಯಾರೂ ಹರಿದು ಹಾಕಿಲ್ಲ. ಇನ್ನೊಂದು ಪ್ರಶ್ನೆ: ಟೈ ಕಾಬ್, ಬೇಬ್ ರೂತ್ ಇವರ ಹಳೆಯ ದಾಖಲೆ ಮಾತ್ರ ಪೂರ್ತಿಯೆ? ಅವರು ಲೀಗಿನಲ್ಲಿ ಒಮ್ಮೆಯೂ ಪೇಜ್‌ರಂಥವರ ಎಸೆತ ಎದುರಿಸಬೇಕಾಗಲಿಲ್ಲ. ಅರ್ಧ ದೇಶವನ್ನು ಹೊರಗಿಟ್ಟು ಮೊದಲ ರ‍್ಯಾಂಕ್ ಬಂದವರು. ಅಪೂರ್ಣ ಲೆಕ್ಕ ಎರಡೂ ಕಡೆ ಇದ್ದಾಗ ಒಂದಕ್ಕೆ ಮಾತ್ರ ಚುಕ್ಕಿ ಗುರುತು ಹಾಕುವುದು ಯಾವ ನ್ಯಾಯ?

ಕೆಲಸ ಮುಗಿದೂ ಇಲ್ಲ. ಜಾನ್ ಡೊನಾಲ್ಡ್‌ಸನ್ ಎಂಬ ಎಡಗೈ ಎಸೆತಗಾರ ಸಣ್ಣಪುಟ್ಟ ಊರುಗಳಲ್ಲಿ ಆಡಿ ಗೆದ್ದ 400ಕ್ಕೂ ಹೆಚ್ಚು ಪಂದ್ಯಗಳನ್ನು, ಹಳೆಯ ಊರ ಪತ್ರಿಕೆಗಳ ಪುಟ ತಿರುವಿ ಕೆಲವರು ಒಂದೊಂದಾಗಿ ಹುಡುಕಿ ತೆಗೆದಿದ್ದಾರೆ. 2021ರಲ್ಲಿ ಅವರಿಗೆ ಬೇಕಿದ್ದ 12 ಮತಗಳಲ್ಲಿ ಬಂದದ್ದು ಎಂಟು. 2024ರಲ್ಲಿ ಅದೂ ಇಲ್ಲ.

ಗೆಳೆಯ ಕೇಳಿದ್ದ ಸಂಬಂಧದ ಮಾತು ಉಳಿಯಿತು. ಇದನ್ನೆಲ್ಲ ಓದುವಾಗಲೇ ನನಗೆ ಪಾಲ್ವಣಕರ್ ಬಾಲೂ ಅವರ ಹೆಸರು ಸಿಕ್ಕಿದ್ದು. ದಲಿತ ಕುಟುಂಬದ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಪುಣೆಯಲ್ಲಿ ಆಡುತ್ತಿದ್ದಾಗ ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು, ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ನಮ್ಮ ಇದೇ ಮುಂಬಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡವನ್ನು ಎಷ್ಟೋ ಸಲ ಗೆಲ್ಲಿಸಿದರೂ ನಾಯಕತ್ವ ಸಿಗಲಿಲ್ಲ. ಅದು 1923ರಲ್ಲಿ ತಮ್ಮ ವಿಠ್ಠಲರಿಗೆ ಸಿಕ್ಕಿತು. ಅಣ್ಣನಿಗಲ್ಲ.

ಬಾಲೂ ಹುಟ್ಟಿದ್ದು ಧಾರವಾಡದಲ್ಲಿ. ಗೆಳೆಯನಿಗೆ ಹೋಗಿ ಹೆಸರು ಹೇಳಿದೆ.

'ಯಾರಪಾ ಅವ್ರು?' ಅಂದ.