ಕೊಂಡು ತಂದ ತುಕ್ಕು

ಹೋದ ತಿಂಗಳು ಬೆಂಗಳೂರಿನಲ್ಲಿ ಹಳೇ ಕಾರುಗಳವರು ಸೇರಿದ್ದ ಒಂದು ಭಾನುವಾರ ಬೆಳಗ್ಗೆ ಒಂದು ಫಿಯೆಟ್ ನೋಡಿದೆ. 1100, ಅರವತ್ತರ ದಶಕದ್ದು. ಬಣ್ಣ ಅಲ್ಲಲ್ಲಿ ಹಾರಿಹೋಗಿ ಕೆಳಗಿನ ರೆಡ್ ಆಕ್ಸೈಡ್ ಕಾಣ್ತಿತ್ತು. ಬಾನೆಟ್ ಮೇಲೆ ತುಕ್ಕಿನ ನಕ್ಷೆ. ಬಾಗಿಲ ಮೇಲೆ ಅರ್ಧ ಅಳಿಸಿಹೋದ ಕನ್ನಡ ಅಕ್ಷರಗಳು: ತಿಪಟೂರಿನ ಒಂದು ಎಣ್ಣೆ ಮಿಲ್ಲಿನ ಹೆಸರು, ಅದರ ಕೆಳಗೆ ಎರಡಂಕಿಯ ಫೋನ್ ನಂಬರ್.

ನಾನು ತಿಪಟೂರಿನವನು. ಅಪರಿಚಿತ ಊರಲ್ಲಿ ನೆಂಟರು ಸಿಕ್ಕಿದ ಹಾಗಾಯ್ತು. ಈ ಮಿಲ್ಲು ಎಲ್ಲಿತ್ತು, ಯಾರದು, ನಮ್ಮಪ್ಪನಿಗೆ ಗೊತ್ತಿದ್ದೇ ಇರುತ್ತೆ ಅಂತ ತಲೆ ಕೆರ್ಕೊಂಡು ಕಾರಿನ ಮಾಲೀಕರನ್ನ ಹುಡುಕಿ ಕೇಳಿದೆ. ಮೂವತ್ತರ ಆಸುಪಾಸಿನ ಹುಡುಗ, ಒಳ್ಳೆಯವನೇ. ನಕ್ಕುಬಿಟ್ಟ. "ಅಯ್ಯೋ ಸರ್, ಅಂಥ ಮಿಲ್ಲೇ ಇಲ್ಲ. ಅದು ಡಿಸೈನು. ಕೊಬ್ಬರಿ ಅಂದ್ರೆ ತಿಪಟೂರು ತಾನೇ? ಬೋರ್ಡ್ ಬರೆಯೋರ ಹತ್ರ ಬರೆಸಿ, ಆಮೇಲೆ ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜಿಸಿದ್ವಿ."

ತುಕ್ಕು?

"ಅದೂನೂ."

ಎಷ್ಟು ಖರ್ಚಾಯ್ತು ಅಂತ ಕೇಳಿದೆ. ಅವನು ಹೇಳಿದ ಮೊತ್ತದಲ್ಲಿ ಆ ಕಾರಿಗೆ ಎರಡು ಸಲ ಒಳ್ಳೇ ಪೇಂಟ್ ಹೊಡೆಸಬಹುದಿತ್ತು.

ಹೇಗೆ ಮಾಡ್ತಾರೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ, ಯಾಕಂದ್ರೆ ಕೆಲಸಗಾರಿಕೆ ಮಟ್ಟಿಗೆ ಅದು ಸುಮ್ಮನೆ ಆಟವಲ್ಲ. ಮೊದಲು ಒಂದು ಬಣ್ಣ, ಅದರ ಮೇಲೆ ಇನ್ನೊಂದು, ಬೇಕಿದ್ರೆ ಮೂರನೇದು. ಆಮೇಲೆ ವಾಟರ್ ಪೇಪರ್ ಹಿಡ್ಕೊಂಡು ಒಂದೊಂದೇ ಪದರ ಬಿಚ್ಚುತ್ತಾ ಹೋಗೋದು, ಒಂದು ಕಡೆ ಪ್ರೈಮರ್ ತನಕ, ಇನ್ನೊಂದು ಕಡೆ ತಗಡಿನ ತನಕ. ಬರಿ ತಗಡು ಕಂಡಲ್ಲಿ ಉಪ್ಪು, ವಿನಿಗರ್, ಹೈಡ್ರೋಜನ್ ಪೆರಾಕ್ಸೈಡ್ ಕಲಸಿ ಸಿಂಪಡಿಸಿದ್ರೆ ನೋಡನೋಡ್ತಾ ಕಿತ್ತಳೆ ಬಣ್ಣದ ತುಕ್ಕು ಏಳುತ್ತೆ. ಬೇಕಾದಷ್ಟು ಎದ್ದ ಮೇಲೆ ತೊಳೆದು, ಒಣಗಿಸಿ, ಹೊಳಪಿಲ್ಲದ ಕ್ಲಿಯರ್ ಕೋಟ್ ಹೊಡೆದು ಮುಚ್ಚಿಬಿಡೋದು. ಅಲ್ಲಿಗೆ ತುಕ್ಕು ಫೋಟೋದೊಳಗಿನ ಮಳೆ ಇದ್ದ ಹಾಗೆ. ಇನ್ನು ಹೆಚ್ಚಲ್ಲ, ಬಟ್ಟೆಗೆ ಹತ್ತಲ್ಲ. ಇದು ಅಮೆರಿಕದ ಕಡೆಯಿಂದ ಬಂದ ಹುಚ್ಚು. ಅಲ್ಲಿ ಹಳೇ ಪಿಕಪ್ ಟ್ರಕ್ಕುಗಳ ಬಾಗಿಲ ಮೇಲೆ ಇಲ್ಲದ ಗ್ಯಾರೇಜಿನ, ಇಲ್ಲದ ಫಾರ್ಮಿನ ಹೆಸರು ಬರೆಸಿ ಸವೆಸೋದು ಒಂದು ಕಸುಬೇ ಆಗಿದೆ. ಕಾಲ ಕೂರಿಸಿದ ಮಾಸಲಿಗೆ ಅವರು ಪಾಟಿನಾ ಅಂತಾರೆ. ನಕಲಿಗೆ ಫೋಟಿನಾ ಅಂತ ಅವರೇ ಅಡ್ಡಹೆಸರಿಟ್ಟಿದ್ದಾರೆ. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಆದರೆ ಹಳೇ ಕಾರಿನ ಜೊತೆ ಬೆಳೆದವನಿಗೆ ಎರಡು ನಿಮಿಷ ಸಾಕು. ನಿಜವಾದ ತುಕ್ಕು ನಾಚಿಕೆ ಸ್ವಭಾವದ್ದು. ನೀರು ನಿಲ್ಲೋ ಕಡೆ, ಕಣ್ಣಿಗೆ ಬೀಳದ ಕಡೆ ಹುಟ್ಟುತ್ತೆ: ಬಾಗಿಲ ತಳದ ಮಡಿಕೆ, ಮಡ್‌ಗಾರ್ಡ್ ಒಳಗೆ ಕೆಸರು ಕೂರೋ ಜಾಗ, ಬ್ಯಾಟರಿ ತಟ್ಟೆಯ ಅಡಿ, ಮ್ಯಾಟಿನ ಕೆಳಗಿನ ಫ್ಲೋರು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಗುಂಡಿ. ಒಳಗಿಂದ ಬಣ್ಣವನ್ನ ಗುಳ್ಳೆ ಎಬ್ಬಿಸಿಕೊಂಡು ಹೊರಗೆ ಬರುತ್ತೆ. ಬಾಗಿಲ ನಟ್ಟನಡುವೆ, ಎಲ್ಲರಿಗೂ ಕಾಣೋ ಹಾಗೆ ಭಾರತದ ಭೂಪಟದಾಕಾರದಲ್ಲಿ ತುಕ್ಕು ಕೂತಿದೆ ಅಂದ್ರೆ ಯಾರೋ ಕೂರಿಸಿದ್ದಾರೆ ಅಂತ ಅರ್ಥ. ಆ ಫಿಯೆಟ್ಟಿನ ಅಡಿಗೆ ಬಗ್ಗಿ ನೋಡಿದೆ. ಹೊಸ ಫ್ಲೋರು, ಹೊಸ ಕಪ್ಪು ಕೋಟಿಂಗು, ಬಾಳೆಲೆ ಹಾಕಿ ಊಟ ಮಾಡಬಹುದಿತ್ತು.

ಇಷ್ಟಕ್ಕೂ ನಿನಗೇನು ಕಷ್ಟ, ಅವನ ಕಾರು, ಅವನ ದುಡ್ಡು ಅಂತೀರಾ? ಸರಿ. ಹರಿದ ಜೀನ್ಸ್ ಕೊಳ್ಳೋ ಕಾಲ ಇದು, ತಡೆಯೋಕೆ ನಾನ್ಯಾರು. ಆದರೂ ಕಷ್ಟ ಇದೆ. ಅದನ್ನ ಹೇಳೋಕೆ ನಮ್ಮಪ್ಪನ ವಿಷಯಕ್ಕೆ ಬರಬೇಕು.

ಅಪ್ಪ ತಿಪಟೂರಿನ ಒಬ್ಬ ಕೊಬ್ಬರಿ ಸಾಹುಕಾರರ ಹತ್ತಿರ ಡ್ರೈವರ್. ಅವರ ಅಂಬಾಸಿಡರ್ 1976ರದು, ಮಾರ್ಕ್ 3, ತಿಳಿ ನೀಲಿ. ಕಾರು ಹೊಸದಾಗಿ ಬಂದ ದಿನದಿಂದ ಸ್ಟೇರಿಂಗ್ ಹಿಡಿದವರು ಅಪ್ಪನೇ. ಬೆಳಗ್ಗೆ ಐದೂವರೆಗೆ ಶೆಡ್ಡಿನ ಮುಂದೆ ಬಕೆಟ್ ಸದ್ದು. ಮೊದಲು ನೀರು, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ, ಭಾನುವಾರ ಪಾಲಿಶ್ಶು. "ಕಾರು ಕೊಳೆಯಾಗಿದ್ರೆ ಸಾಹುಕಾರರ ಮಾನ ಹೋಗಲ್ಲ ಕಣೋ, ಡ್ರೈವರ್ ಮಾನ ಹೋಗುತ್ತೆ" ಅಂತಿದ್ದರು. ತನ್ನದಲ್ಲದ ಕಾರಿನ ಹೊಳಪು ಅವರ ಸ್ವಂತ ಆಸ್ತಿ. ಎಲ್ಲಾದರೂ ಒಂದು ಚೂರು ತುಕ್ಕು ಕಂಡರೆ ಮನೆಯಲ್ಲಿ ಕಾಯಿಲೆ ಬಿದ್ದವರಿರೋ ಹಾಗೆ ಓಡಾಡೋರು. 1988ರಲ್ಲಿ ಸಾಹುಕಾರರು ಮಾರುತಿ ಕೊಂಡಾಗ, ಬರಬೇಕಿದ್ದ ಸಂಬಳದ ಬಾಕಿ ಲೆಕ್ಕಕ್ಕೆ ಈ ಕಾರು ನಮ್ಮನೆಗೆ ಬಂತು. ಅಪ್ಪನ ಬಟ್ಟೆ ಮಾತ್ರ ನಿಲ್ಲಲಿಲ್ಲ.

ಆ ಕಾಲದ ಬಣ್ಣದ ಮೇಲೆ ಈಗಿನ ಹಾಗೆ ಕ್ಲಿಯರ್ ಕೋಟ್ ಇರ್ತಿರಲಿಲ್ಲ. ಬಿಸಿಲಿಗೆ ಮೇಲ್ಪದರ ಸೀಮೆಸುಣ್ಣದ ಪುಡಿಯಾಗುತ್ತೆ, ಪಾಲಿಶ್ ಹಾಕಿ ಉಜ್ಜಿದಾಗ ಆ ಪುಡಿ ಹೋಗಿ ಕೆಳಗಿನ ತಾಜಾ ಬಣ್ಣ ಹೊಳೆಯುತ್ತೆ. ಅಪ್ಪನ ಹಳದಿ ಬಟ್ಟೆ ಪ್ರತಿ ಭಾನುವಾರ ನೀಲಿಯಾಗ್ತಿತ್ತು. ಹೊಳಪು ತರೋಕೆ ಹೋಗಿ ಅವರು ವಾರವಾರ ಕೂದಲೆಳೆಯಷ್ಟು ಬಣ್ಣ ತೆಗೀತಿದ್ದರು ಅನ್ನೋದು ಅವರಿಗೂ ಗೊತ್ತಿತ್ತು. ಹೀಗೇ ಉಜ್ಜಿ ಉಜ್ಜಿ ಬಾನೆಟ್ಟಿನ ಉಬ್ಬಿನ ಮೇಲೆ, ಮಡ್‌ಗಾರ್ಡಿನ ತಿರುವಿನ ಮೇಲೆ ನೀಲಿ ಹೋಗಿ ಬೂದು ಪ್ರೈಮರ್ ಇಣುಕಿತು. ಕಿಟಕಿ ಅಂಚಿನಲ್ಲಿ ಬಲಮೊಣಕೈ ಊರಿ ಊರಿ ಒಂದು ಅಂಗೈಯಗಲ ತಗಡು ಕನ್ನಡಿಯಾಗಿತ್ತು. ಬಾಗಿಲ ಬೀಗದ ಸುತ್ತ ಕತ್ತಲಲ್ಲಿ ಕೀ ತಡಕಾಡಿದ ಗೀರುಗಳು. ಬಾನೆಟ್ ಮೇಲೆ, ವರ್ಷವರ್ಷದ ಆಯುಧಪೂಜೆಯ ಕುಂಕುಮ ಇಳಿದು, ಎಷ್ಟು ತೊಳೆದರೂ ಹೋಗದ ಕೆಂಪು ಮಸುಕು.

ಪಾಟಿನಾ ಅಂದ್ರೆ ಇದು ಸ್ವಾಮಿ. ಅದನ್ನ ಮಾಡಿದವನಿಗೆ ಅದು ಬೇಕಾಗಿರಲಿಲ್ಲ. ಅವನು ಹೊಳಪಿಗೇ ಜೀವ ತೇದಿದ್ದು, ಸೋತಿದ್ದು. ಆ ಸೋಲಿನ ಗುರುತನ್ನ ಅಂಗಡಿಯಲ್ಲಿ ಕೊಂಡು ತಂದು ಮೈಗೆ ಅಂಟಿಸ್ಕೊಂಡವನಿಗೆ ಏನಂತ ಹೇಳೋದು? ದೋಸೆ ಕಾವಲಿ ಪಳಗೋದು ನೋಡಿಲ್ವಾ. ವರ್ಷಗಟ್ಟಲೆ ಎಣ್ಣೆ, ಬೆಂಕಿ, ಅರ್ಧ ಈರುಳ್ಳಿ, ಅಮ್ಮನ ಕೈ. ಹೊಸ ಕಾವಲಿಗೆ ಕಪ್ಪು ಬಳಿದರೆ ನೋಡೋಕೇನೋ ಹಾಗೇ ಕಾಣಬಹುದು, ದೋಸೆ ಏಳಲ್ಲ.

ಸಾಚಾ ತುಕ್ಕಿಗೆ ಬೆಲೆ ಬಂದಿದ್ದರಿಂದಲೇ ನಕಲಿ ಹುಟ್ಟಿದ್ದು ಅನ್ನೋದು ಬೇರೆ ಮಾತು. ಫ್ರಾನ್ಸಿನ ಹಳ್ಳಿಗಾಡಿನ ಶೆಡ್ಡುಗಳಲ್ಲಿ ದಶಕಗಟ್ಟಲೆ ಕೂತಿದ್ದ ಬೈಯೋ ಮನೆತನದ ಕಾರುಗಳು 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾದವು. ಅದರಲ್ಲಿ ಹಳೇ ಪತ್ರಿಕೆಗಳ ಕಟ್ಟು ಹೇರಿಸ್ಕೊಂಡು ಧೂಳು ತಿನ್ನುತ್ತಿದ್ದ 1961ರ ಒಂದು ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೋಗೂ ಮೇಲೆ ಹೋಯ್ತು. ಧೂಳನ್ನೂ ಒರೆಸದೆ ಪ್ರದರ್ಶನಕ್ಕಿಟ್ಟಿದ್ದರು. ಅದಕ್ಕೂ ಮುಂಚೆ, 2009ರಲ್ಲಿ ಮಜ್ಜೋರೆ ಸರೋವರದ ತಳದಿಂದ 1925ರ ಒಂದು ಬುಗಾಟಿ ಎತ್ತಿದರು. ಎಪ್ಪತ್ತು ವರ್ಷಕ್ಕೂ ಹೆಚ್ಚು ನೀರಲ್ಲಿದ್ದ ಗೂಡು. ಮಾರನೇ ವರ್ಷ ಅದು 2,60,500 ಯೂರೋಗೆ ಮಾರಾಟವಾಗಿ ಕ್ಯಾಲಿಫೋರ್ನಿಯಾದ ಮ್ಯೂಸಿಯಮ್ಮೊಂದು ಸೇರಿತು. ರಿಪೇರಿ ಮಾಡದೆ, ತುಕ್ಕು ತಿಂದ ಹಾಗೇ ಅಲ್ಲಿ ನಿಲ್ಲಿಸಿದರು. ನನ್ನ ತಕರಾರಿಲ್ಲ. ಸರೋವರ ಆ ತುಕ್ಕಿಗೆ ಬಿಲ್ ಕೊಟ್ಟಿರಲಿಲ್ಲ.

ಫಳಫಳ ಪಕ್ಷದವರು ಇಲ್ಲಿಗೆ ಚಪ್ಪಾಳೆ ಹೊಡೆದು ಎದ್ದು ಹೋಗಬೇಡಿ, ಕೂತ್ಕೊಳ್ಳಿ. ನಿಮ್ಮದೂ ಇದೆ.

ಕಾರನ್ನ ತಗಡಿನ ತನಕ ಸುಲಿದು, ಪುಟ್ಟಿ ತುಂಬಿ, ಕಾರ್ಖಾನೆಯಲ್ಲೂ ಇಲ್ಲದಿದ್ದ ನುಣುಪು ತಂದು, ಮೇಲೆ ಗಾಜಿನ ಹಾಗೆ ಕ್ಲಿಯರ್ ಕೋಟ್ ಎರೆದು ನಿಲ್ಲಿಸ್ತೀರಲ್ಲ, ಆ ಅಂಬಾಸಿಡರ್ ಯಾವತ್ತೂ ಹಾಗಿರಲಿಲ್ಲ. ಉತ್ತರಪಾರಾದಿಂದ ಬರುವಾಗಲೇ ಬಾಗಿಲ ಸಂದಿಯಲ್ಲಿ ಬೆರಳು ಹೋಗ್ತಿತ್ತು. ಆದರೂ ನಿಮ್ಮ ಅಪರಾಧ ಸಣ್ಣದು ಅಂತಲೇ ನನ್ನ ತೀರ್ಪು. ಹೊಸ ಬಣ್ಣ "ನಾನು ಹೊಸ ಬಣ್ಣ" ಅಂತಲೇ ಹೇಳುತ್ತೆ, ಯಾರನ್ನೂ ನಂಬಿಸೋಕೆ ಹೋಗಲ್ಲ. ಅಳಿಸಿದ್ದು ಪಾಪ, ಸುಳ್ಳು ಬರೆದಿಲ್ಲ.

ಈ ತೀರ್ಪಿನಲ್ಲಿ ನನ್ನ ಸ್ವಾರ್ಥವೂ ಇದೆ. ಅಪ್ಪ 2006ರಲ್ಲಿ ಹೋದರು. ಮೂರು ವರ್ಷಕ್ಕೆ ನನ್ನ ಕೈಯಲ್ಲಿ ನಾಲ್ಕು ಕಾಸು ಆಯ್ತು, ಕಾರನ್ನ ಬೆಂಗಳೂರಿಗೆ ತಂದು ಒಂದು ಗ್ಯಾರೇಜಿಗೆ ಬಿಟ್ಟೆ. "ಅಪ್ಪನ ನೆನಪಿಗೆ, ಹೊಸದರ ಹಾಗೆ ಮಾಡಿಕೊಡಿ" ಅಂದೆ. ಮಾಡಿದರು. ನೀಲಿಯೇನೋ ನೀಲಿಯೇ, ಆದರೆ ಒಳಗೆ ಮಿನುಗು ಪುಡಿ ಇರೋ ನೀಲಿ. ಬಾನೆಟ್ಟಿನ ಉಬ್ಬು, ಕಿಟಕಿಯ ಮೊಣಕೈ, ಕುಂಕುಮದ ಮಸುಕು, ಎಲ್ಲ ಗ್ಯಾರೇಜಿನ ನೆಲದ ಧೂಳಾಯ್ತು. ನಾನು ಹೆಮ್ಮೆಯಿಂದ ಊರಿಗೆ ಓಡಿಸ್ಕೊಂಡು ಹೋದೆ. ಅಮ್ಮ ಸುತ್ತ ಒಂದು ಸುತ್ತು ಬಂದು "ಚೆನ್ನಾಗಾಗಿದೆ" ಅಂದಳು. ಆಮೇಲೆ ಎಡಗಡೆ ಮಡ್‌ಗಾರ್ಡ್ ಸವರಿ, "ಆಸ್ಪತ್ರೆ ಗೇಟಿಗೆ ತಾಗಿದ್ದ ಗುಳಿ ಎಲ್ಲೋ?" ಅಂದಳು. ಅದು ನಾನು ಹುಟ್ಟಿದ ರಾತ್ರಿ ಬಿದ್ದ ಗುಳಿ. ಸಾಹುಕಾರರ ಕಾರಿಗೆ ಗುಳಿ ಬಿತ್ತಲ್ಲ ಅಂತ ಅಪ್ಪ ಮಗುವಿನ ಮುಖ ನೋಡೋ ಮೊದಲು ಅದನ್ನ ನೋಡ್ಕೊಂಡು ನಿಂತಿದ್ರಂತೆ.

ಈಗ ಅಣ್ಣನ ಮಗ ಬಂದಿದ್ದಾನೆ. ಇಪ್ಪತ್ತಾರು ವರ್ಷ, ಕಾರಿನ ಹುಚ್ಚು, ಆ ಫಿಯೆಟ್ ಹುಡುಗನ ಪರಿಚಯವೂ ಉಂಟು. ನಾನು ಇಷ್ಟೆಲ್ಲ ಕೂಗಾಡಿದ್ದನ್ನ ಸಮಾಧಾನವಾಗಿ ಕೇಳಿಸ್ಕೊಂಡು ಮೊಬೈಲಲ್ಲಿ ಒಂದು ಫೋಟೋ ತೋರಿಸಿದ. 1984ರದು, ಕಪ್ಪುಬಿಳುಪು, ತಾತ ಕಾರಿಗೆ ಒರಗಿ ನಿಂತಿರೋದು. "ಚಿಕ್ಕಪ್ಪ, ಅಳಿಸಿದ್ದು ನೀವು. ನಾನು ವಾಪಸ್ ತರ್ತೀನಿ ಅಂತಿದೀನಿ ಅಷ್ಟೆ. ಕಿಟಕಿ ಅಂಚು, ಬಾನೆಟ್ಟು, ಎಲ್ಲೆಲ್ಲಿ ಸವೆದಿತ್ತೋ ಅಲ್ಲಲ್ಲೇ. ಒಂದು ಇಂಚು ಆಚೀಚೆ ಆಗಲ್ಲ. ಇಲ್ಲದ ಮಿಲ್ಲಿನ ಹೆಸರೇನೂ ಬರೆಸಲ್ಲ."

ಒಂದು ವಾರ ನನ್ನ ಹತ್ರ ಉತ್ತರ ಇರಲಿಲ್ಲ. ಸುಳ್ಳು ಹೇಳಲ್ಲ, ಆಸೆಯೂ ಆಯ್ತು.

ಆಮೇಲೆ ಹೇಳಿದೆ. ನೋಡಪ್ಪ, ಆ ಕಿಟಕಿ ಅಂಚಿನ ಮೇಲೆ ನಾಳೆ ನಿನ್ನ ಮಗಳು ಕೈ ಇಡ್ತಾಳೆ. ಇದು ಮುತ್ತಾತನ ಮೊಣಕೈ ಅಂತ ನೀನು ಹೇಳ್ತೀಯ. ಹೇಳದೆ ಬಿಟ್ಟರೂ ಅವಳು ಹಾಗೇ ಅಂದ್ಕೋತಾಳೆ. ಅದು ಮೊಣಕೈ ಅಲ್ಲ, ನಾನೂರು ನಂಬರಿನ ವಾಟರ್ ಪೇಪರ್. ಹರಕು ಮಡಕೆ ಜೋಡಿಸೋ ಮ್ಯೂಸಿಯಂ ಕೆಲಸಗಾರರಲ್ಲಿ ಒಂದು ರೂಢಿ ಇದೆ: ತುಂಬಿದ ಜಾಗ ಆರು ಅಡಿ ದೂರದಿಂದ ಕಾಣಬಾರದು, ಆರು ಇಂಚಿನಿಂದ ಕಾಣಲೇಬೇಕು. ಮಿಕ್ಕೆಲ್ಲ ಸಾಚಾ ಹಳತಾಗಿರೋ ಕಾರಿಗೆ ಒಂದು ಬಾಗಿಲು ಹೊಸದು ಹಾಕಬೇಕಾಗಿ ಬಂದು, ಅದನ್ನ ಸ್ವಲ್ಪ ಮಾಸಲು ಮಾಡಿ ಹೊಂದಿಸಿದರೆ ನಾನು ಬಾಯಿ ಬಿಡಲ್ಲ. ನಿನ್ನದು ಹಾಗಲ್ಲ. ನೀನು ಆರು ಇಂಚಿನಿಂದಲೂ ಮೋಸ ಹೋಗುವ ಹಾಗೆ ಮಾಡಿಸ್ತೀಯ, ಅದಕ್ಕೇ ದುಡ್ಡು ಕೊಡೋದು.

"ಹಾಗಾದ್ರೆ ನಿಮ್ಮ ಮಿನುಗು ನೀಲಿನೇ ಇರಲಿ ಅಂತೀರಾ?" ಅಂದ. ಹುಡುಗ ಚುರುಕು.

ಹೌದು ಅಂದೆ. ಅದು ನನ್ನ ದಡ್ಡತನದ ಗುರುತು, 2009ರದು. ಇಷ್ಟು ವರ್ಷದಲ್ಲಿ ಅದಕ್ಕೂ ವಯಸ್ಸಾಗ್ತಾ ಬಂದಿದೆ, ಟಾಪಿನ ಮೇಲೆ ಕ್ಲಿಯರ್ ಕೋಟ್ ಸಿಪ್ಪೆ ಏಳ್ತಾ ಇದೆ. ಅಸಹ್ಯವಾಗಿ ಕಾಣುತ್ತೆ, ಆದರೆ ನಮ್ಮದೇ.

ಕಾರಿಗೆ 50 ತುಂಬೋದು 2026ರಲ್ಲಿ. 2021ರ ಕೇಂದ್ರದ ನಿಯಮದಂತೆ 20,000 ರೂಪಾಯಿ ಕಟ್ಟಿದರೆ ವಿಂಟೇಜ್ ಅಂತ ವಿಎ ಸರಣಿಯ ನಂಬರ್ ಸಿಗುತ್ತೆ, ಮೂಲ ರೂಪದಲ್ಲಿ ಇಟ್ಟಿರಬೇಕು ಅನ್ನೋದು ಷರತ್ತು. ಆರ್‌ಸಿಯಲ್ಲಿ ಬಣ್ಣ ಅಂತ ಒಂದು ಕಾಲಂ ಬೇರೆ ಇದೆ. ಆ ಫಿಯೆಟ್ ಹುಡುಗ ಅಲ್ಲಿ ಏನು ಬರೆಸ್ತಾನೋ ನೋಡೋ ಕುತೂಹಲ ನನಗೆ.

ಹೋದ ವಾರ ಅಣ್ಣನ ಮಗ ಮತ್ತೆ ಬಂದಿದ್ದ, ಫ್ಲೋರಿನ ತುಕ್ಕಿಗೆ ವೆಲ್ಡಿಂಗ್ ಆಗಬೇಕಲ್ಲ, ಅದನ್ನ ನೋಡೋಕೆ. ಡಿಕ್ಕಿಯ ಬೀಡಿಂಗ್ ರಬ್ಬರ್ ಎಳೆದಾಗ ಅದರ ಅಡಿಯಲ್ಲಿ ಗ್ಯಾರೇಜಿನವರು ಉಜ್ಜದೆ ಬಿಟ್ಟ ಒಂದು ಪಟ್ಟಿ ಸಿಕ್ಕಿತು, ಬೆರಳಗಲ, ಒಂದೂವರೆ ಗೇಣುದ್ದ. ತಿಳಿ ನೀಲಿ. ಅವನು ಜೇಬಿನಿಂದ ಕರ್ಚೀಫ್ ತೆಗೆದು ಮೆಲ್ಲಗೆ ಒರೆಸಿ, ಬಟ್ಟೆ ತಿರುಗಿಸಿ ನೋಡಿದ. ನೀಲಿ ಹತ್ತಿತ್ತು. "ಹೊಸ ರಬ್ಬರ್ ತರೋದು ಬೇಡ ಚಿಕ್ಕಪ್ಪ, ಅಂಟು ಹಾಕಿದ್ರೆ ಇದು ಹೋಗುತ್ತೆ" ಅಂದ. ಮಳೆಗಾಲ ಬರುತ್ತೆ, ರಬ್ಬರ್ ಇಲ್ಲದಿದ್ದರೆ ಡಿಕ್ಕಿಗೆ ನೀರು ನುಗ್ಗುತ್ತೆ. ಏನು ಮಾಡೋದು ಅಂತ ಇಬ್ಬರೂ ಇನ್ನೂ ಯೋಚನೆ ಮಾಡ್ತಿದೀವಿ.