ಬಿಸಿಲು ಸೋಕಬಾರದು, ಕಾವು ತಲುಪಬೇಕು



ಅಥಣಿ ತಾಲೂಕಿನ ತೆಲಸಂಗದ ಸುತ್ತಮುತ್ತ ದ್ರಾಕ್ಷಿ ಬೆಳೆಯುವ ಮನೆತನಗಳಿಗೆ ಬೇಸಿಗೆಯೆಂದರೆ ಆತಂಕದ ಕಾಲ. ವರುಷವಿಡೀ ಸಾಕಿದ ಹಣ್ಣು ಒಣದ್ರಾಕ್ಷಿಯಾಗಲು ಶೆಡ್ಡಿನ ಬಲೆಗಳ ಮೇಲೆ ಸುಮಾರು 15 ದಿನ ಹರವಿಕೊಂಡಿರಬೇಕು. ಈ ನಡುವೆ ಅಕಾಲದ ಮಳೆ ಬಂದರೆ ಹಣ್ಣು ಕಪ್ಪಿಟ್ಟು, ಬೂಷ್ಟು ಹಿಡಿದು, ಬೆಲೆ ಕುಸಿಯುತ್ತದೆ. ಒಣಗುವ ದಿನಗಳು ಕಡಿಮೆಯಾದಷ್ಟೂ ರೈತನ ಭಯ ಕಡಿಮೆ.

ಹಾಗಾದರೆ ಬಿಸಿಲಿನಲ್ಲಿಯೇ ಹರವಬಾರದೇ? ನೇರ ಬಿಸಿಲು ಬಿದ್ದರೆ ಹಸಿರು ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಹಣ್ಣಿಗೆ ಬಿಸಿಲು ಸೋಕಬಾರದು, ಬಿಸಿಲಿನ ಕಾವು ಮಾತ್ರ ತಲುಪಬೇಕು. ಇದಕ್ಕೊಂದು ಉಪಾಯವುಂಟು. ಗಾಜಿನ ಕೆಳಗೆ ಕಪ್ಪು ತಗಡನ್ನಿರಿಸಿ, ಅಲ್ಲಿ ಕಾದ ಗಾಳಿಯನ್ನು ಫ್ಯಾನಿನ ಸಹಾಯದಿಂದ ಶೆಡ್ಡಿನೊಳಗೆ ಹಾಯಿಸುವುದು.

ಕಪ್ಪು ಬಣ್ಣ ಬೆಳಕನ್ನು ನುಂಗುವುದು ನಿಜ. ಆದರೆ ಕಾದ ಮೇಲೆ ಆ ಶಾಖವನ್ನು ಕಾಣದ ಕಿರಣಗಳಾಗಿ ಹೊರಚೆಲ್ಲುವುದೂ ಅಷ್ಟೇ ನಿಜ. ರೊಟ್ಟಿಯ ಹಂಚಿನ ಮುಂದೆ ಕುಳಿತ ತಾಯಂದಿರ ಮುಖಕ್ಕೆ ಬಡಿಯುವ ಝಳವೇ ಇದಕ್ಕೆ ಸಾಕ್ಷಿ. ಆದುದರಿಂದ ಬಿಸಿಲನ್ನು ಒಳಗೆಳೆದುಕೊಂಡು ಶಾಖವನ್ನು ಬಿಟ್ಟುಕೊಡದಂಥ ಲೇಪನ ಬೇಕಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ನಿಕ್ಕಲ್ ಮತ್ತು ಕೋಬಾಲ್ಟ್ ಬಳಸಿ ಇಂಥದೊಂದು ಲೇಪನವನ್ನು ರೂಪಿಸಿ ‘ನಾಲ್‌ಸನ್’ ಎಂದು ಹೆಸರಿಸಿತು.

ಈಗ ವಿಜ್ಞಾನಿಗಳು ಇನ್ನೂ ಸೂಕ್ಷ್ಮಕ್ಕೆ ಇಳಿದಿದ್ದಾರೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಕೆಲವೇ ನ್ಯಾನೋಮೀಟರ್ ಗಾತ್ರದ ಲೋಹಕಣದ ಮೇಲೆ ತಕ್ಕ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನುಗಳು, ಗಾಳಿಗೆ ಜೋಳದ ತೆನೆಗಳೆಲ್ಲ ಒಟ್ಟಾಗಿ ತೂಗುವಂತೆ, ತೂಗಾಡುತ್ತವೆ. ಈ ತೂಗಾಟಕ್ಕೆ ‘ಪ್ಲಾಸ್ಮಾನ್’ ಎಂದು ಹೆಸರು. ಅದು ಅಡಗುವಾಗ ಅದರ ಶಕ್ತಿ ಕಾವಾಗಿ ಪರಿಣಮಿಸುತ್ತದೆ. ಚಿನ್ನದ ಸೂಕ್ಷ್ಮಕಣಗಳು ನೀರಿಗೆ ಮಾಣಿಕ್ಯದ ಕೆಂಪು ನೀಡುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲಿಯೇ ವಿವರಿಸಿದ್ದರು. ಆ ಬಣ್ಣಕ್ಕೆ ಕಾರಣವೂ ಇದೇ ತೂಗಾಟ.

ಆದರೆ ಚಿನ್ನದ ಬೆಲೆ ಯಾರಿಗೆ ಎಟುಕೀತು? ಮೇಲಾಗಿ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ತಾಮ್ರದ ಸಲ್ಫೈಡ್ ಎಂಬ ಅರೆವಾಹಕದಲ್ಲಿ ತಾಮ್ರದ ಪ್ರಮಾಣವನ್ನು ಕೊಂಚ ತಗ್ಗಿಸಿ ಹದಗೊಳಿಸಿದರೆ, ಅದರ ಕಣಗಳು ಈ ಕಿರಣಗಳನ್ನೂ ಹಿಡಿದು ಕಾವಾಗಿಸಬಲ್ಲವು. ತಾಮ್ರವೂ ಗಂಧಕವೂ ಚಿನ್ನದಷ್ಟು ದುರ್ಲಭವಲ್ಲ.

ಇದರಿಂದ ನಾಳೆಯೇ ನಮ್ಮ ಶೆಡ್ಡುಗಳು ಬದಲಾಗುವವೆಂದು ಭಾವಿಸಬಾರದು. ಇಂಥ ಕಣಗಳು ಬಿಸಿಗಾಳಿಯಲ್ಲಿ ಕೆಡದೆ ವರುಷಗಟ್ಟಲೆ ಬಾಳಬೇಕು. ಆ ಕೆಲಸ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿಯೇ ಇದೆ. ಮೋಡ ಕವಿದ ದಿನ ಯಾವ ಲೇಪನವೂ ಬಿಸಿಲನ್ನು ಸೃಷ್ಟಿಸಲಾರದು. ಬಿಸಿಲಿರುವ ದಿನಗಳಲ್ಲಿ ಬೇಗ ಒಣಗಿಸಿ, ಮಳೆಗೆ ಮುಂಚೆ ಮಾಲನ್ನು ಒಳಗಿಡುವುದಷ್ಟೇ ಅದರಿಂದ ಆಗುವ ಉಪಕಾರ. ಆದರೆ ಒಂದು ಮಾತನ್ನು ಇಂದೇ ನೆನಪಿನಲ್ಲಿಡಬಹುದು. ಸೌರ ಒಣಗಿಸುವ ಯಂತ್ರವನ್ನಾಗಲಿ, ನೀರು ಕಾಯಿಸುವ ಸಾಧನವನ್ನಾಗಲಿ ಕೊಳ್ಳುವಾಗ ತಗಡು ಕಪ್ಪಗಿದೆಯೇ ಎಂದು ನೋಡಿದರೆ ಸಾಲದು; ಹಿಡಿದ ಕಾವನ್ನು ಅದು ಉಳಿಸಿಕೊಳ್ಳುವುದೇ ಎಂದು ಕೇಳಿರಿ.