ಬಿಬ್‌ನ ಹಿಂಬದಿ ಖಾಲಿ ಬಿಡಬೇಡಿ

ದುಬೈ ಮ್ಯಾರಥಾನ್‌ನ ಹಿಂದಿನ ರಾತ್ರಿ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಊಟಕ್ಕೆ ಜಾಗ ಇರುವುದಿಲ್ಲ. ಬಿಬ್, ನಾಲ್ಕು ಸೇಫ್ಟಿ ಪಿನ್, ವ್ಯಾಸಲೀನ್ ಡಬ್ಬಿ, ಎರಡು ಜೊತೆ ಕಾಲ್ಚೀಲ, ಬೀಜ ತೆಗೆದ ಖರ್ಜೂರ, ಎಲೆಕ್ಟ್ರೋಲೈಟ್ ಪುಡಿ, ನೋಲ್ ಕಾರ್ಡ್, ಜೊತೆಗೆ ಒಂದು ಹಳೆಯ ಟೀ ಶರ್ಟ್. ಜನವರಿಯ ನಸುಕಿನಲ್ಲಿ ಉಮ್ ಸುಖೇಮ್ ಕಡೆ ಸಮುದ್ರದ ಗಾಳಿ ಚೆನ್ನಾಗಿಯೇ ಚಳಿ ಹಿಡಿಸುತ್ತದೆ. ಸ್ಟಾರ್ಟ್ ಲೈನಿನಲ್ಲಿ ನಿಂತಷ್ಟು ಹೊತ್ತು ಆ ಟೀ ಶರ್ಟ್ ಬೇಕು, ಓಟ ಶುರುವಾದ ಮೇಲೆ ಬಿಸಾಡಿದರೂ ಹೊಟ್ಟೆ ಉರಿಯಬಾರದು. ಬಿಸಿಲೇರಿದ ಮೇಲಂತೂ ಮೈಮೇಲಿನ ಬನಿಯನ್ನೂ ಭಾರವೇ.

ಈ ಬ್ಯಾಗ್ ಸಿದ್ಧಮಾಡುವ ವಿದ್ಯೆಯನ್ನು ನಾನು ಕಲಿತದ್ದು ತಪ್ಪು ಮಾಡಿ. ದುಬೈ ಶಾಪಿಂಗ್ ಫೆಸ್ಟಿವಲ್ ನಡೆಯುವುದು, ಮ್ಯಾರಥಾನ್ ಬರುವುದು, ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡ ಹೊಸ ಶೂ ಹಾಕಿಕೊಂಡು ನನ್ನ ಮೊದಲ ಮ್ಯಾರಥಾನ್ ಓಡಿದೆ. ಹದಿನೆಂಟನೇ ಕಿಲೋಮೀಟರಿಗೆ ಹಿಮ್ಮಡಿಯಲ್ಲಿ ಬೊಬ್ಬೆ, ಮೂವತ್ತಕ್ಕೆ ಕಾಲ್ಚೀಲ ಕೆಂಪು. ರಿಯಾಯಿತಿ ಸಿಕ್ಕಿತೆಂದು ಗೊತ್ತಿಲ್ಲದ ಶೇರು ಕೊಳ್ಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ನಾನು! ಅಂದಿನಿಂದ ಓಟದ ದಿನ ನನ್ನ ಮೈಮೇಲೆ, ಹೊಟ್ಟೆಯೊಳಗೆ ಹೊಸದೇನೂ ಇರುವುದಿಲ್ಲ. ತಿಂಗಳುಗಟ್ಟಲೆ ಲಾಂಗ್ ರನ್‌ಗೆ ಮುಂಚೆ ಕುಡಿದ ರಾಗಿ ಅಂಬಲಿಯನ್ನೇ ಅಂದೂ ಕುಡಿಯುತ್ತೇನೆ. ಎಕ್ಸ್‌ಪೋದಲ್ಲಿ ಪುಕ್ಕಟೆ ಕೊಟ್ಟ ಜೆಲ್ ಮನೆಯಲ್ಲೇ ಉಳಿಯುತ್ತದೆ.

ವೇಗವನ್ನೂ ಹಿಂದಿನ ರಾತ್ರಿಯೇ ನಿರ್ಧರಿಸಿ, ಬೆಳಿಗ್ಗೆ ಬಾಲ್‌ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಳ್ಳುತ್ತೇನೆ. ಗುಂಪಿನಲ್ಲಿ ನಿಂತಾಗ ಬುದ್ಧಿ ಕೈಕೊಡುತ್ತದೆ. 2008ರ ಜನವರಿಯಲ್ಲಿ ಹೈಲೆ ಗೆಬ್ರೆಸೆಲಾಸಿ ಇದೇ ದುಬೈಗೆ ಬಂದಾಗ ವಿಶ್ವದಾಖಲೆ ಮುರಿದರೆ ಹತ್ತು ಲಕ್ಷ ಡಾಲರ್ ಬೋನಸ್ ಇತ್ತು. ಆಗಿನ ದಾಖಲೆ ಅವರದೇ, 2 ಗಂಟೆ 4 ನಿಮಿಷ 26 ಸೆಕೆಂಡು. ಮೊದಲರ್ಧವನ್ನು 61 ನಿಮಿಷ 27 ಸೆಕೆಂಡಿನಲ್ಲಿ ಮುಗಿಸಿದರು, ಎರಡನೇ ಅರ್ಧದಲ್ಲಿ ಅದರ ಬೆಲೆ ತೆತ್ತರು. ಗೆದ್ದರೇನೋ ಹೌದು, ಆದರೆ ದಾಖಲೆ 27 ಸೆಕೆಂಡಿನಿಂದ ತಪ್ಪಿತು. ಅಂಥವರಿಗೇ ಹಾಗಾದರೆ ನಾಲ್ಕೂವರೆ ಗಂಟೆ ತೆಗೆದುಕೊಳ್ಳುವ ನನ್ನ ಪಾಡೇನು?

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಾವ ರನ್ನಿಂಗ್ ಗ್ರೂಪಿನಲ್ಲಾದರೂ ಸಿಗುತ್ತದೆ. ನಾನು ಹೇಳಬೇಕೆಂದಿದ್ದದ್ದು ಬಿಬ್ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಓಟದಲ್ಲಿ, ಮೂವತ್ನಾಲ್ಕನೇ ಕಿಲೋಮೀಟರಿನ ಆಸುಪಾಸು, ನನಗಿಂತ ಸ್ವಲ್ಪ ಮುಂದೆ ಓಡುತ್ತಿದ್ದವರೊಬ್ಬರು ಕುಸಿದು ಬಿದ್ದರು. ನನ್ನದೇ ವಯಸ್ಸು, ನಮ್ಮ ಕಡೆಯವರ ಹಾಗೇ ಮುಖ. ವೈದ್ಯಕೀಯ ತಂಡದವರು ನಿಮಿಷದೊಳಗೆ ಬಂದರು. ಅವರಲ್ಲೊಬ್ಬರು ಎದೆಯ ಮೇಲಿನ ಬಿಬ್ ತಿರುಗಿಸಿ ನೋಡಿದರು. ಹೆಸರು, ಕಾಯಿಲೆ, ಔಷಧ, ತುರ್ತಿಗೆ ಕರೆಯಬೇಕಾದ ನಂಬರ್, ಎಲ್ಲದಕ್ಕೂ ಗೆರೆ ಎಳೆದ ಜಾಗ ಇತ್ತು. ಒಂದಕ್ಷರವೂ ಇರಲಿಲ್ಲ. ಅವರು ಚೇತರಿಸಿಕೊಂಡು ಎದ್ದು ಕೂತದ್ದನ್ನು ನೋಡಿಯೇ ನಾನು ಮುಂದೆ ಹೋದದ್ದು. ಆದರೆ ಉಳಿದ ಎಂಟು ಕಿಲೋಮೀಟರೂ ನನ್ನ ತಲೆಯಲ್ಲಿದ್ದದ್ದು ಒಂದೇ: ನನ್ನ ಬಿಬ್‌ನ ಹಿಂಬದಿಯೂ ಖಾಲಿ.

ಮುಂದಿನ ವರ್ಷ ಅದೇ ಡೈನಿಂಗ್ ಟೇಬಲ್ ಮುಂದೆ ಕೂತು ಶ್ರದ್ಧೆಯಿಂದ ಹೆಂಡತಿಯ ಮೊಬೈಲ್ ನಂಬರ್ ಬರೆದೆ. ಅವಳು ನೋಡಿದಳು. "ಸರಿ ರೀ, ನನ್ನ ನಂಬರ್ ಬರೆದ್ರಿ. ಫೋನ್ ಬಂತು ಅಂತಿಟ್ಕೊಳ್ಳಿ. ಆಮೇಲೆ ನಾನೇನ್ ಮಾಡ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ವರ್ಷ ಬೇರೆಯವರ ಬ್ಯಾಲೆನ್ಸ್ ಶೀಟ್‌ನಲ್ಲಿ ರಿಸ್ಕ್ ಹುಡುಕಿ ಸಂಬಳ ತೆಗೆದುಕೊಂಡವನು ನಾನು. ಸಂಬಳ ಬೀಳುವುದು ನನ್ನೊಬ್ಬನ ಖಾತೆಗೆ. ಬಾಡಿಗೆಯ ಮುಂಗಡ ಚೆಕ್‌ಗಳು ಅದೇ ಖಾತೆಯವು, ಶಾಲೆಯ ಫೀಸೂ ಅಲ್ಲಿಂದಲೇ. ಅವಳ ವೀಸಾ ನನ್ನ ಪ್ರಾಯೋಜಕತ್ವದಲ್ಲಿ. ಇಲ್ಲಿ ಖಾತೆದಾರ ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಲುಪಿದರೆ ಖಾತೆ ಸ್ತಂಭಿಸುತ್ತದೆ. ವಾರಸುದಾರರು ಯಾರೆಂದು ಕೋರ್ಟ್ ಹೇಳುವವರೆಗೆ ಅದರಿಂದ ದುಡ್ಡು ಹೊರಬರುವುದಿಲ್ಲ. ದುಃಖದ ಮನೆಗೆ ಮೊದಲು ಬರುವುದು ಬೌನ್ಸ್ ಆದ ಬಾಡಿಗೆ ಚೆಕ್.

ಎರಡನೆಯದು ನನಗೂ ಆಗಲೇ ಗೊತ್ತಾದದ್ದು. ಯುಎಇಯಲ್ಲಿ ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ವಿಲ್ ಬರೆಯದೆ ತೀರಿಕೊಂಡರೆ ಆಸ್ತಿಯ ಅರ್ಧ ಗಂಡ ಅಥವಾ ಹೆಂಡತಿಗೆ, ಇನ್ನರ್ಧ ಮಕ್ಕಳಿಗೆ ಸಮಪಾಲು. ಮಕ್ಕಳಿದ್ದರೆ ಹೆತ್ತವರಿಗೆ ಪಾಲಿಲ್ಲ. ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಾದರೋ ಸತ್ತವನ ತಾಯಿಗೂ ಹೆಂಡತಿ ಮಕ್ಕಳಿಗೂ ಒಂದೊಂದು ಪಾಲು. ವಾರಸುದಾರರು ತವರುದೇಶದ ಕಾನೂನು ಅನ್ವಯಿಸಿ ಎಂದು ಇಲ್ಲಿ ಕೇಳಬಹುದು, ನಿಜ. ಆದರೆ ಯೋಚಿಸಿ: ಹಾಸನದಲ್ಲಿರುವ ನನ್ನ ಅಮ್ಮ ದುಬೈ ಕೋರ್ಟಿನಲ್ಲಿ ಸೊಸೆಯ ಎದುರು ಅರ್ಜಿ ಹಾಕಬೇಕೇ? ಅಮ್ಮನ ಔಷಧಿ, ಕೆಲಸದವಳ ಸಂಬಳ ಎಲ್ಲವೂ ಪ್ರತಿ ತಿಂಗಳು ನಾನು ಕಳಿಸುವ ಹಣದಿಂದಲೇ ನಡೆಯುವುದು. ಅದರ ಬಗ್ಗೆ ಎಲ್ಲೂ ಒಂದು ಸಾಲು ಬರೆದಿಟ್ಟಿರಲಿಲ್ಲ.

ನಮ್ಮ ಕನ್ನಡದ ರನ್ನಿಂಗ್ ಗ್ರೂಪಿನಲ್ಲಿ ಕಾರ್ಬನ್ ಪ್ಲೇಟ್ ಶೂ ಬಗ್ಗೆ ದಿನಕ್ಕೆ ಇನ್ನೂರು ಮೆಸೇಜ್ ಬರುತ್ತವೆ. ಹೂಡಿಕೆ ಗ್ರೂಪಿನಲ್ಲೂ ಅದೇ ಕತೆ, ಯಾವ ಫಂಡ್ ಎಷ್ಟು ರಿಟರ್ನ್ ಕೊಟ್ಟಿತು ಎಂಬುದೇ ಮಾತು. ಬಿದ್ದರೆ ಏನು ಎಂದು ಕೇಳಿದವರನ್ನು "ಬಿಡ್ತು ಅನ್ನು ಮಾರಾಯ" ಎಂದು ಬಾಯಿ ಮುಚ್ಚಿಸುತ್ತೇವೆ. ಇದು ಅಪಶಕುನದ ಮಾತಲ್ಲ. ವ್ಯಾಸಲೀನ್ ಇಟ್ಟುಕೊಂಡ ಮಾತ್ರಕ್ಕೆ ಮೈ ಉಜ್ಜಿ ಗಾಯವಾಗಲಿ ಎಂದು ಯಾರಾದರೂ ಬಯಸುತ್ತಾರೆಯೇ?

ನಾವು ಮಾಡಿದ್ದು ದೊಡ್ಡದೇನಲ್ಲ. ಅವಳದೇ ಹೆಸರಿನಲ್ಲಿ ಬೇರೆ ಖಾತೆ ತೆಗೆದು ಆರು ತಿಂಗಳ ಖರ್ಚು ಅದರಲ್ಲಿ ಇಟ್ಟೆವು. ಜಂಟಿ ಖಾತೆ ಸಾಲದೇ ಎಂದು ಕೇಳುವಿರಿ. ನನ್ನ ಪಾಲು ಸಿಕ್ಕಿಹಾಕಿಕೊಳ್ಳುವ ಖಾತೆಯನ್ನು ನೆಚ್ಚಿ ಕೂರುವುದು ನನಗೆ ಸಮಾಧಾನ ಕೊಡಲಿಲ್ಲ. ಒಂದು ಎ4 ಹಾಳೆಯಲ್ಲಿ ಇಲ್ಲಿನ ಖಾತೆ, ಸಾಲ, ಊರಿನ ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಡಿಮ್ಯಾಟ್, ಟರ್ಮ್ ಪಾಲಿಸಿ, ಆಫೀಸಿನ ಎಚ್‌ಆರ್ ನಂಬರ್ ಬರೆದೆ. ಗ್ರಾಚುಯಿಟಿ ಎಷ್ಟು ಬರಬಹುದೆಂದೂ ಬರೆದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು, ಅದೂ ಮೂಲವೇತನದ ಮೇಲೆ ಮಾತ್ರ. ಒಟ್ಟು ಸಂಬಳದ ಲೆಕ್ಕ ಹಾಕಿಕೊಂಡು ಕೂತಿದ್ದ ನನಗೇ ಮುಖ ಚಿಕ್ಕದಾಯಿತು.

ಊರಿನ ಹೂಡಿಕೆಗಳಿಗೆಲ್ಲ ನಾಮಿನಿ ಇದ್ದಾರಲ್ಲ ಎಂದು ನೆಮ್ಮದಿಯಾಗಿದ್ದೆ. ನಾಮಿನಿ ಎಂದರೆ ಮಾಲೀಕನಲ್ಲ, ವಾರಸುದಾರರ ಪರವಾಗಿ ಹಣ ಪಡೆದುಕೊಳ್ಳುವವನು ಅಷ್ಟೆ. ಶೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಹಾಗಾಗಿ ಊರಿನ ಆಸ್ತಿಗೊಂದು ವಿಲ್, ಇಲ್ಲಿಯದಕ್ಕೊಂದು. ಮುಸ್ಲಿಮೇತರರ ವಿಲ್ ನೋಂದಾಯಿಸಲು ದುಬೈನ ಡಿಐಎಫ್‌ಸಿಯಲ್ಲಿ 2015ರಿಂದ ವ್ಯವಸ್ಥೆ ಇದೆ, ಅಬುಧಾಬಿಯ ನ್ಯಾಯಾಂಗ ಇಲಾಖೆಯಲ್ಲೂ ಮಾಡಿಸಬಹುದು. ಒಂದು ವಿಲ್ ಇನ್ನೊಂದನ್ನು ರದ್ದು ಮಾಡದಂತೆ ಬರೆಸಲು ವಕೀಲರನ್ನು ಕೇಳಿ, ಅಲ್ಲಿ ಜಿಪುಣತನ ಬೇಡ. ಮಕ್ಕಳು ಚಿಕ್ಕವರಿದ್ದರೆ ಪೋಷಕರು ಯಾರೆಂದು ಅದರಲ್ಲೇ ಹೆಸರಿಸಿ.

ಆ ಎ4 ಹಾಳೆ ಈಗ ನನ್ನ ಸೇಫ್ಟಿ ಪಿನ್ ಮತ್ತು ಹಳೆಯ ಮೆಡಲ್‌ಗಳ ಡ್ರಾಯರಿನಲ್ಲೇ ಇದೆ. ವರ್ಷಕ್ಕೊಮ್ಮೆ, ಬಿಬ್ ತಂದ ರಾತ್ರಿ, ಇಬ್ಬರೂ ಕೂತು ತಿದ್ದುತ್ತೇವೆ. ಹತ್ತು ನಿಮಿಷದ ಕೆಲಸ.

ಕಳೆದ ಸಲ ಅಮ್ಮನಿಗೆ ಫೋನ್ ಮಾಡಿ ಅವರ ಬ್ಯಾಂಕ್ ಖಾತೆಯ ಸಂಖ್ಯೆ ಕೇಳಿದೆ. "ನಾಳೆ ಓಡೋದಕ್ಕೂ ನನ್ನ ಪಾಸ್‌ಬುಕ್‌ಗೂ ಏನೋ ಸಂಬಂಧ?" ಎಂದರು. ಸುಮ್ಮನೆ ಅಮ್ಮ, ಫಾರಂ ತುಂಬ್ತಾ ಇದ್ದೀನಿ ಎಂದೆ. ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿ ಹೇಳಿದರು. ಆಮೇಲೆ, "ಖಾಲಿ ಹೊಟ್ಟೇಲಿ ಓಡ್ಬೇಡ ಕಣೋ" ಎಂದು ಫೋನ್ ಇಟ್ಟರು.